ಪರಯಕೃತ್ತು ಮತ್ತು ಶಿಶುಶರೀರ



ಮಕ್ಕಳ ಯಕೃತ್ತಿನ ಕಸಿಯೆಂದೊಡನೆ ಕೇಳುವವರ ಕುತೂಹಲವು ಶಸ್ತ್ರಚಿಕಿತ್ಸೆಯ ಕಡೆಗೇ ಹರಿಯುವುದು ಸಹಜ. ತಾಯಿಯ ಇಲ್ಲವೆ ತಂದೆಯ ಯಕೃತ್ತಿನ ಎಡಪಾರ್ಶ್ವದಿಂದ ಇನ್ನೂರು ಮುನ್ನೂರು ಗ್ರಾಂ ತೂಗುವ ಭಾಗವೊಂದನ್ನು ಬಿಡಿಸಿ ತೆಗೆದು, ಎಂಟು ಕಿಲೋ ತೂಗದ ಕೂಸಿನ ಉದರದಲ್ಲಿ ಅದನ್ನು ನೆಲೆಗೊಳಿಸಿ, ಕಣ್ಣಿಗೆ ಕಂಡೂ ಕಾಣದಷ್ಟು ಕಿರಿದಾದ ಧಮನಿಯನ್ನು ಧಮನಿಗೆ ಹೊಲಿದು, ಬಿಗಿದಿದ್ದ ಹಿಡಿಕೆಯನ್ನು ಸಡಿಲಿಸಿದೊಡನೆ ಬಿಳಿಚಿದ್ದ ಅಂಗವು ಕೆಂಪೇರುವುದನ್ನು ನೋಡುವುದು ವಿಸ್ಮಯಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾನು ಹೇಳಬಯಸುವುದು ಹೊಲಿಗೆ ಮುಗಿದ ಮೇಲಣ ವೃತ್ತಾಂತವನ್ನು. ಶಸ್ತ್ರವೈದ್ಯನ ಕೆಲಸ ಒಂದು ಹಗಲಿನಲ್ಲಿ ಮುಗಿಯುತ್ತದೆ. ಮಗುವಿನ ಶರೀರಕ್ಕೂ ಹೊಸದಾಗಿ ಬಂದ ಯಕೃತ್ತಿಗೂ ನಡುವೆ ಅಂದು ಮೊದಲಾಗುವ ವ್ಯವಹಾರವು ಆ ಮಗು ಬದುಕಿರುವವರೆಗೂ ಮುಗಿಯದು. ವೈದ್ಯರ ಆಡುಮಾತಿನಲ್ಲಿ ‘ರಿಜೆಕ್ಷನ್’ ಎನಿಸಿಕೊಳ್ಳುವ ನಿರಾಕರಣವು ಆ ವ್ಯವಹಾರದ ಅತ್ಯಂತ ಕಠಿನವಾದ ಅಧ್ಯಾಯ. ಅದನ್ನು ಬೇರುಸಹಿತ ಕಿತ್ತೊಗೆಯಬೇಕೆಂಬ ಹಟದಿಂದ ಮಕ್ಕಳಿಗೆ ಆದ ಹಾನಿ ಅಲ್ಪವಲ್ಲ. ಎಷ್ಟು ಕಡಿಮೆ ಔಷಧದಿಂದ ಅದನ್ನು ಅಂಕೆಯಲ್ಲಿರಿಸಬಹುದೆಂದು ಒಂದೊಂದು ಮಗುವಿನ ವಿಷಯದಲ್ಲಿಯೂ ಮತ್ತೆ ಮತ್ತೆ ಶೋಧಿಸುವುದೇ ಈ ಶಾಸ್ತ್ರದ ಸಾರವೆಂಬುದು ನನ್ನ ಅಭಿಪ್ರಾಯ.

ಕಸಿಗೆ ಬರುವ ಶಿಶುಗಳಲ್ಲಿ ಬಹುಭಾಗವು ಬಿಲಿಯರಿ ಅಟ್ರೀಸಿಯ ಎಂಬ ವ್ಯಾಧಿಗೆ ತುತ್ತಾದುದು. ಹುಟ್ಟಿದ ಹತ್ತಿಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ಈ ವ್ಯಾಧಿಯಲ್ಲಿ ಯಕೃತ್ತಿನಿಂದ ಕರುಳಿಗೆ ಪಿತ್ತವನ್ನೊಯ್ಯುವ ನಾಳಗಳು ಉರಿತದಿಂದ ಮುಚ್ಚಿಹೋಗುತ್ತವೆ. ಕಾಮಾಲೆ ಎರಡು ವಾರ ದಾಟಿದರೂ ಇಳಿಯದು, ಮಲವು ಬಣ್ಣಗೆಡುತ್ತದೆ, ಮೂತ್ರವು ಕಡುಹಳದಿಯಾಗಿ ಬಟ್ಟೆಗೆ ಕಲೆ ಹತ್ತಿಸುತ್ತದೆ. ಎಳೆಬಿಸಿಲಿಗೆ ಹಿಡಿದರೆ ಹೋಗುವುದೆಂಬ ಹಿರಿಯರ ಮಾತು ಹೆಚ್ಚುಪಾಲು ಮಕ್ಕಳ ವಿಷಯದಲ್ಲಿ ನಿಜವಾಗಿ ತೋರುವುದರಿಂದಲೇ ಈ ಕೆಲವು ಮಕ್ಕಳ ವಿಷಯದಲ್ಲಿ ಅಪಾಯಕರವಾಗಿದೆ. ಜಪಾನಿನ ಸೆಂಡೈ ನಗರದ ಮೋರಿಯೊ ಕಸಾಯಿ 1955ರಲ್ಲಿ ಕರುಳಿನ ತುಂಡೊಂದನ್ನು ನೇರವಾಗಿ ಯಕೃತ್ತಿನ ಬಾಯಿಗೆ ಹೊಲಿದು ಪಿತ್ತಕ್ಕೆ ದಾರಿ ಮಾಡಿಕೊಟ್ಟರು. ಈ ಚಿಕಿತ್ಸೆ ಮಗುವಿಗೆ ಅರುವತ್ತು ದಿನ ತುಂಬುವ ಮೊದಲೇ ನಡೆದರೆ ಹೆಚ್ಚು ಫಲಕಾರಿ. ತಡವಾಗಿ ಬಂದವರಿಗೂ, ಇದು ಫಲಿಸದವರಿಗೂ ಉಳಿಯುವುದು ಕಸಿಯೊಂದೇ.

ತೋಟಗಾರನು ಮಲಗೋವದ ಕಡ್ಡಿಯನ್ನು ನಾಟಿಮಾವಿನ ಕಾಂಡಕ್ಕೆ ಕಟ್ಟಿದರೆ ಬೇರಾಗಲಿ ಕಾಂಡವಾಗಲಿ ಆಕ್ಷೇಪಿಸುವುದಿಲ್ಲ. ವರ್ಷ ಕಳೆಯುವುದರೊಳಗೆ ಎರಡೂ ಒಂದೇ ಮರವಾಗುತ್ತವೆ. ಪ್ರಾಣಿಶರೀರಕ್ಕೆ ಈ ಔದಾರ್ಯವಿಲ್ಲವೆಂಬುದು ಶಸ್ತ್ರವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದರೂ, ಏಕೆಂಬುದು ತಿಳಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದ ಯುವತಿಯೊಬ್ಬಳಿಗೆ ಆಕೆಯ ಸೋದರನ ಚರ್ಮದ ತುಣುಕುಗಳನ್ನು ಹಚ್ಚಿದ ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡಾವರ್ ಇಬ್ಬರೂ, ಮೊದಲ ಸಲ ಹಚ್ಚಿದ ತುಣುಕುಗಳು ಕೆಲವು ಕಾಲ ನಿಂತು ಉದುರಿದುವೆಂಬುದನ್ನೂ, ಅದೇ ಸೋದರನಿಂದ ಎರಡನೆಯ ಸಲ ತೆಗೆದು ಹಚ್ಚಿದವು ಮೊದಲಿನವಕ್ಕಿಂತ ಬಹು ಬೇಗ ನಾಶವಾದುವೆಂಬುದನ್ನೂ ಗಮನಿಸಿ 1943ರಲ್ಲಿ ಪ್ರಕಟಿಸಿದರು. ಶರೀರವು ಪರಕೀಯವನ್ನು ಗುರುತಿಸುವುದಲ್ಲದೆ, ಒಮ್ಮೆ ಗುರುತಿಸಿದುದನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದೆಂಬುದು ಇದರಿಂದ ಸಿದ್ಧವಾಯಿತು. ಇದೇ ಮೆಡಾವರರು ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಎಂಬ ಸಹೋದ್ಯೋಗಿಗಳೊಡನೆ 1953ರಲ್ಲಿ, ಇನ್ನೂ ಗರ್ಭದಲ್ಲಿರುವ ಇಲಿಮರಿಗಳಿಗೆ ಬೇರೊಂದು ತಳಿಯ ಜೀವಕೋಶಗಳನ್ನು ಚುಚ್ಚಿದರೆ, ಹುಟ್ಟಿ ಬೆಳೆದ ಮೇಲೆ ಅವು ಆ ತಳಿಯ ಚರ್ಮವನ್ನು ತಮ್ಮದೆಂಬಂತೆ ಸ್ವೀಕರಿಸುವುವೆಂದು ತೋರಿಸಿಕೊಟ್ಟರು. 1960ರ ನೊಬೆಲ್ ಪಾರಿತೋಷಕವು ಅವರಿಗೂ ಆಸ್ಟ್ರೇಲಿಯದ ಬರ್ನೆಟ್‌ಗೂ ಸಂದಿತು. ಶೈಶವದ ಶರೀರಕ್ಕೆ ಇನ್ನೂ ಕಲಿಸಬಹುದೆಂಬ ಆಸೆ ವೈದ್ಯಲೋಕದಲ್ಲಿ ಮೊಳೆತುದು ಈ ಇಲಿಮರಿಗಳಿಂದ.

ಮಾನವನಲ್ಲಿ ಯಕೃತ್ತಿನ ಕಸಿಯನ್ನು ಮೊಟ್ಟಮೊದಲು ಮಾಡಿದವರು ಅಮೆರಿಕದ ಡೆನ್ವರ್ ನಗರದ ಥಾಮಸ್ ಸ್ಟಾರ್ಜ್ಲ್. ದಿನ 1963ರ ಮಾರ್ಚ್ 1. ರೋಗಿ ಬಿಲಿಯರಿ ಅಟ್ರೀಸಿಯದ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲದೆ ಆ ಮಗು ಶಸ್ತ್ರಪೀಠದ ಮೇಲೆಯೇ ತೀರಿಕೊಂಡಿತು. ಅನಂತರದವರೂ ಕೆಲವೇ ವಾರಗಳಲ್ಲಿ ಗತಿಸಿದರು. ಡೆನ್ವರಿನವರು ತಾವಾಗಿಯೇ ಕೈಯಿಟ್ಟ ಕೆಲಸವನ್ನು ವರ್ಷಗಟ್ಟಲೆ ನಿಲ್ಲಿಸಿದರು. 1967ರ ಜುಲೈಯಲ್ಲಿ ಯಕೃತ್ತಿನ ಅರ್ಬುದಕ್ಕೆ ಗುರಿಯಾಗಿದ್ದ, ಎರಡು ವರ್ಷವೂ ತುಂಬದ ಹೆಣ್ಣುಮಗುವೊಂದು ಕಸಿಯಾದ ಮೇಲೆ ವರ್ಷಕ್ಕೂ ಮಿಕ್ಕು ಬದುಕಿದಾಗ ಇದು ಸಾಧ್ಯವೆಂಬ ನಂಬಿಕೆ ಹುಟ್ಟಿತು. ಈ ವಿದ್ಯೆಯ ಮೊದಲ ಸೋಲೂ ಮೊದಲ ಗೆಲವೂ ಮಕ್ಕಳವೇ ಎಂಬುದನ್ನು ಮರೆಯಲಾಗದು. ಆಗಿನ ಔಷಧಗಳ ಕಾಲದಲ್ಲಿ ಕಸಿಯಾದವರ ಪೈಕಿ ವರ್ಷ ಕಳೆದವರು ಮೂರರಲ್ಲೊಬ್ಬರು ಮಾತ್ರ. ಈಗ ಒಳ್ಳೆಯ ಕೇಂದ್ರಗಳಲ್ಲಿ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಒಂದು ವರ್ಷವನ್ನು ಸುಖವಾಗಿ ದಾಟುತ್ತಾರೆ.

ಹಾಗಾದರೆ ಪರಯಕೃತ್ತನ್ನು ಶರೀರ ಹೇಗೆ ಅರಿಯುತ್ತದೆ? ನಮ್ಮ ಬಹುತೇಕ ಜೀವಕೋಶಗಳ ಮೈಮೇಲೆ ಎಚ್‌ಎಲ್‌ಎ ಎಂಬ ಗುರುತುಗಳುಂಟು. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದವು. ಆದಕಾರಣ ತಾಯಿಯೇ ಕೊಟ್ಟ ಯಕೃತ್ತಾದರೂ ಮಗುವಿಗೆ ಅರ್ಧದಷ್ಟು ಪರಕೀಯವೇ ಸರಿ. ಒಂಬತ್ತು ತಿಂಗಳ ಕಾಲ ಅರ್ಧಪರಕೀಯವಾದ ಭ್ರೂಣವನ್ನು ತಾಯಿಯ ಶರೀರವು ತಕರಾರಿಲ್ಲದೆ ಹೊತ್ತಿತ್ತು. ಈಗ ತಾಯಿಯ ಅಂಗವನ್ನು ಹೊರಬೇಕಾದ ಸರದಿ ಮಗುವಿನದು, ಆದರೆ ಗರ್ಭಕೋಶಕ್ಕಿರುವ ರಕ್ಷೆ ಉದರಕ್ಕಿಲ್ಲ. ಕಸಿಯಾದ ಯಕೃತ್ತಿನೊಡನೆ ದಾನಿಯ ಬಿಳಿರಕ್ತಕಣಗಳೂ ಬರುತ್ತವಷ್ಟೆ; ಅವು ರಕ್ತದೊಡನೆ ಹರಿದು ಮಗುವಿನ ಗುಲ್ಮವನ್ನೂ ದುಗ್ಧಗ್ರಂಥಿಗಳನ್ನೂ ಸೇರಿದಾಗ ಅಲ್ಲಿರುವ ಟಿ ಲಿಂಫೋಸೈಟುಗಳು ಅವನ್ನು ಕಂಡು ಉದ್ರಿಕ್ತವಾಗಿ, ಇಂಟರ್‌ಲ್ಯೂಕಿನ್ ಎಂಬ ದ್ರವ್ಯವನ್ನು ಸ್ರವಿಸುತ್ತ ತಮ್ಮಂಥವನ್ನೇ ಸಹಸ್ರಸಂಖ್ಯೆಯಲ್ಲಿ ಹುಟ್ಟಿಸಿಕೊಂಡು ಹೊಸ ಅಂಗದತ್ತ ಹೊರಡುತ್ತವೆ. ಇದೆಲ್ಲಕ್ಕೂ ಹಿಡಿಯುವ ಕಾಲ ಸಾಮಾನ್ಯವಾಗಿ ಒಂದೆರಡು ವಾರ. ಹೀಗಾಗಿ ಮೊದಲ ನಿರಾಕರಣವು ಬಹುಮಟ್ಟಿಗೆ ಮೊದಲ ತಿಂಗಳಲ್ಲಿ, ಮನೆಗೆ ಹೋಗುವ ಮಾತು ಕಿವಿಗೆ ಬೀಳುತ್ತಿರುವ ಹೊತ್ತಿಗೇ, ತಲೆಹಾಕುತ್ತದೆ. ಹೆಚ್ಚುಕಡಮೆ ಮೂರರಲ್ಲೊಂದರಿಂದ ಎರಡರಲ್ಲೊಂದು ಮಗುವಿಗೆ ಒಮ್ಮೆಯಾದರೂ ಇದು ತಪ್ಪದು. ತಾಯಿತಂದೆಗಳು ಇದನ್ನು ತಮ್ಮ ಆರೈಕೆಯ ಲೋಪವೆಂದು ಬಗೆದು ಕಣ್ಣೀರಿಡುವುದು ಅನಾವಶ್ಯಕ.

ಹೃದಯ, ಮೂತ್ರಪಿಂಡ, ಶ್ವಾಸಕೋಶಗಳೊಡನೆ ಹೋಲಿಸಿದಲ್ಲಿ ಯಕೃತ್ತು ಬಹಳ ಸೌಮ್ಯಸ್ವಭಾವದ ಅಂಗ. ಕೇಂಬ್ರಿಜ್‌ನ ರಾಯ್ ಕಾನ್ ಮತ್ತು ಸಂಗಡಿಗರು 1969ರಲ್ಲಿ ಹಂದಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಎಷ್ಟೋ ಹಂದಿಗಳು ಯಾವ ಔಷಧವೂ ಇಲ್ಲದೆ ಪರಯಕೃತ್ತನ್ನು ಒಪ್ಪಿಕೊಂಡುದೇ ಅಲ್ಲದೆ, ಅನಂತರ ಅದೇ ದಾನಿಯ ಚರ್ಮವನ್ನೂ ಮೂತ್ರಪಿಂಡವನ್ನೂ ಸಹಿಸಿಕೊಂಡುವು. ಕರುಳಿನಿಂದ ಬರುವ ರಕ್ತವೆಲ್ಲ ಮೊದಲು ಯಕೃತ್ತನ್ನು ಹಾದೇ ಮುಂದೆ ಹೋಗಬೇಕು. ನಾವು ಉಂಡ ಅನ್ನದ, ಕುಡಿದ ಹಾಲಿನ, ಕರುಳಿನಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳ ಕಣಗಳು ದಿನದಿನವೂ ಅಲ್ಲಿಗೆ ಬರುತ್ತವೆ. ಇವೆಲ್ಲಕ್ಕೂ ಕೆರಳುತ್ತ ಕೂತರೆ ಯಕೃತ್ತಿಗೆ ಉಳಿಗಾಲವಿಲ್ಲ; ಆದುದರಿಂದ ಬಂದ ಟಿ ಕೋಶಗಳನ್ನು ತಣಿಸುವ, ದಣಿಸುವ ಏರ್ಪಾಡುಗಳು ಅದರ ರಚನೆಯಲ್ಲಿಯೇ ಸೇರಿಕೊಂಡಿವೆ. ಮೂತ್ರಪಿಂಡದ ಕಸಿಯಲ್ಲಿ ಅಷ್ಟು ಮುಖ್ಯವಾದ ಎಚ್‌ಎಲ್‌ಎ ಹೊಂದಾಣಿಕೆಯನ್ನು ಯಕೃತ್ತಿನ ಕಸಿಯಲ್ಲಿ ನೋಡುತ್ತ ಕೂರದಿರುವುದಕ್ಕೆ ಇದೇ ಕಾರಣ. ಒಂದು ವರ್ಷದೊಳಗಿನ ಶಿಶುವಿಗಾದರೋ ರಕ್ತದ ಗುಂಪು ಹೊಂದದ ಯಕೃತ್ತನ್ನೂ ಜೋಡಿಸಬಹುದು, ಏಕೆಂದರೆ ಎ, ಬಿ ಗುಂಪುಗಳ ವಿರುದ್ಧದ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ.

ನಿರಾಕರಣದ ಲಕ್ಷಣವೇನೆಂದು ಕೇಳಿದರೆ, ಎಷ್ಟೋ ವೇಳೆ ಯಾವುದೂ ಇಲ್ಲವೆಂಬುದೇ ಉತ್ತರ. ಮಗು ಆಡುತ್ತಿರುತ್ತದೆ, ರಕ್ತಪರೀಕ್ಷೆಯಲ್ಲಿ ಎಎಲ್‌ಟಿ, ಜಿಜಿಟಿ ಎಂಬ ಎನ್ಜೈಮುಗಳು ಮಾತ್ರ ಏರಿರುತ್ತವೆ. ಕೆಲವೊಮ್ಮೆ ಸಣ್ಣ ಜ್ವರ, ಕಿರಿಕಿರಿ, ಮತ್ತೆ ಹಳದಿಯಾಗುವ ಕಣ್ಣು. ಆದರೆ ವೈರಸ್ ಸೋಂಕಿನಲ್ಲಿಯೂ, ಪಿತ್ತನಾಳದ ಜೋಡಣೆ ಕಿರಿದಾದಾಗಲೂ, ಧಮನಿ ಹೆಪ್ಪುಗಟ್ಟಿದಾಗಲೂ ಇದೇ ಚಿತ್ರ ಕಾಣುವುದರಿಂದ, ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತನಾಳಗಳನ್ನು ನೋಡಿಕೊಂಡು, ಸೂಜಿಯಿಂದ ಯಕೃತ್ತಿನ ಎಳೆಯೊಂದನ್ನು ತೆಗೆದು ಸೂಕ್ಷ್ಮದರ್ಶಕದಡಿ ಇರಿಸಲೇಬೇಕು. ಇದೇ ಬಯಾಪ್ಸಿ. ಒಂದೂವರೆ ಎರಡು ಸೆಂಟಿಮೀಟರ್ ಉದ್ದದ, ದಾರದಂಥ ಆ ಎಳೆಯನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಹಾಳೆಗಿಂತ ತೆಳುವಾಗಿ ಕೊಯ್ದು, ನೀಲಿ ಮತ್ತು ಗುಲಾಬಿ ಬಣ್ಣ ಕೊಟ್ಟು ನೋಡಿದರೆ, ಗುಲಾಬಿ ವರ್ಣದ ಯಕೃತ್ಕೋಶಗಳ ವಿಸ್ತಾರದ ನಡುನಡುವೆ ಒಂದು ಸಿರೆ, ಒಂದು ಧಮನಿ, ಒಂದು ಪಿತ್ತನಾಳ ಜೊತೆಗೂಡಿರುವ ಚಿಕ್ಕಚಿಕ್ಕ ಪೋರ್ಟಲ್ ಪ್ರದೇಶಗಳು ಕಾಣುತ್ತವೆ. ನಿರಾಕರಣದಲ್ಲಿ ಈ ಪ್ರದೇಶವು ಕಡುನೀಲಿಯ ಲಿಂಫೋಸೈಟುಗಳಿಂದ ಇಡಿಕಿರಿದು ಊದಿಕೊಂಡಿರುತ್ತದೆ. ಅವುಗಳ ಮಧ್ಯೆ ಕೆಂಗಣ್ಣಿನ ಈಸಿನೋಫಿಲ್‌ಗಳು ಅಲ್ಲಲ್ಲಿ ಹೊಳೆಯುತ್ತವೆ. ಸಾಲಾಗಿ ಕುಳಿತಿರಬೇಕಾದ ಪಿತ್ತನಾಳದ ಕೋಶಗಳು ಸಾಲುಗೆಟ್ಟು, ಅವುಗಳೊಳಗೇ ಲಿಂಫೋಸೈಟು ನುಗ್ಗಿರುತ್ತದೆ. ಸಿರೆಯ ಒಳಪದರವು ಅಡಿಯಲ್ಲಿ ನುಸುಳಿದ ಕಣಗಳಿಂದ ಮೇಲಕ್ಕೆದ್ದಿರುತ್ತದೆ. ಕೆನಡಾ ದೇಶದ ಬ್ಯಾನ್ಫ್ ಎಂಬ ಗಿರಿಪಟ್ಟಣದಲ್ಲಿ ಸಭೆ ಸೇರಿದ ತಜ್ಞರ ಹೆಸರಿನಿಂದಲ್ಲ, ಆ ಪಟ್ಟಣದ ಹೆಸರಿನಿಂದಲೇ ಪ್ರಸಿದ್ಧವಾದ 1997ರ ಪದ್ಧತಿಯಂತೆ ಈ ಮೂರು ವಿಕಾರಗಳಿಗೂ ಮೂರು ಮೂರು ಅಂಕಗಳು. ಒಟ್ಟು ಒಂಬತ್ತರಲ್ಲಿ ಎಷ್ಟೆಂಬುದರ ಮೇಲೆ ಚಿಕಿತ್ಸೆ.

ಚಿಕಿತ್ಸೆಯೇನೋ ಸರಳ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಮೂರು ದಿನ ಸಿರೆಯ ಮೂಲಕ ಕೊಟ್ಟು, ನಿತ್ಯದ ಔಷಧವನ್ನು ತುಸು ಏರಿಸಿದರೆ ಬಹುಪಾಲು ಮಕ್ಕಳಲ್ಲಿ ಉರಿತ ಆರಿಹೋಗುತ್ತದೆ. ಯಕೃತ್ತು ಮರುಬೆಳೆಯುವ ಅಂಗವಾದುದರಿಂದ ಕಲೆಯೂ ಉಳಿಯದು. ಹಾಗೆ ಆರದೆ ತಿಂಗಳುಗಟ್ಟಲೆ ಹೊಗೆಯಾಡುವ ದೀರ್ಘಕಾಲಿಕ ನಿರಾಕರಣವು ಈಗ ವಿರಳವಾದರೂ ಭೀಕರ. ಅದರಲ್ಲಿ ಪಿತ್ತನಾಳಗಳು ಒಂದೊಂದಾಗಿ ಮಾಯವಾಗುತ್ತವೆ; ಪಿತ್ತನಾಳ ಮುಚ್ಚಿಹೋಗಿ ಕಸಿಗೆ ಬಂದ ಮಗು ಎರಡನೆಯ ಯಕೃತ್ತಿನಲ್ಲಿಯೂ ಪಿತ್ತನಾಳವನ್ನೇ ಕಳೆದುಕೊಳ್ಳುವುದು ಎಂಥ ವಿಪರ್ಯಾಸ!

ನಿತ್ಯದ ಔಷಧಗಳ ಚರಿತ್ರೆಯಲ್ಲಿ ಒಂದು ಚೋದ್ಯವುಂಟು: ಮುಖ್ಯವಾದ ಮೂರೂ ಮಣ್ಣಿನಿಂದ ಬಂದವು. ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯ ಮಣ್ಣಿನ ಬೂಷ್ಟಿನಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಸ್ ಸಂಸ್ಥೆಯವರು ಸೈಕ್ಲೊಸ್ಪೋರಿನ್ನನ್ನು ತೆಗೆದರು. ದಕ್ಷಿಣ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಿಂದ ಭಾರತಸಂಜಾತರಾದ ಸುರೇಂದ್ರನಾಥ ಸೆಹಗಲ್ ಮಾಂಟ್ರಿಯಲ್ ನಗರದಲ್ಲಿ ರಾಪಮೈಸಿನ್ನನ್ನು ಬೇರ್ಪಡಿಸಿದರು. ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನಿಂದ 1984ರಲ್ಲಿ ದೊರೆತುದು ಟ್ಯಾಕ್ರೊಲಿಮಸ್. 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸ್ಟಾರ್ಜ್ಲರೇ ಇದನ್ನು ಮೊದಲು ರೋಗಿಗಳಿಗೆ, ಅದೂ ಬೇರೆ ಔಷಧಗಳಿಗೆ ಬಗ್ಗದ ನಿರಾಕರಣದಲ್ಲಿ, ಕೊಟ್ಟು ನೋಡಿದರು. ಇಂದು ಮಕ್ಕಳ ಕಸಿಗೆ ಇದೇ ಆಧಾರಸ್ತಂಭ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಇದನ್ನು ತಯಾರಿಸುತ್ತಿದೆ. ಟಿ ಕೋಶದೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಎನ್ಜೈಮನ್ನು ತಡೆದು, ಇಂಟರ್‌ಲ್ಯೂಕಿನ್ ಉತ್ಪತ್ತಿಯಾಗದಂತೆ ಮಾಡುವುದು ಇದರ ಕೆಲಸ. ಕೋಶವು ಸಾಯುವುದಿಲ್ಲ, ಸುಮ್ಮನಾಗುತ್ತದೆ. ಔಷಧ ಇಳಿದರೆ ಮತ್ತೆ ಏಳುತ್ತದೆ.

ಇಂಥ ಮಗುವಿರುವ ಮನೆಯ ದಿನಚರಿಯು ಈ ಔಷಧದ ಸುತ್ತ ಸುತ್ತುತ್ತದೆ. ಬೆಳಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ, ಊಟಕ್ಕೆ ಮುಂಚೆ. ನುಂಗಲಾರದ ಕೂಸಿಗೆ ನೀರಿನಂಥ ಮದ್ದಾಗಿ ಕಲಸಿ ಸಿರಿಂಜಿನಿಂದ ಕೆನ್ನೆಯೊಳಕ್ಕೆ. ಪರೀಕ್ಷೆಯ ದಿನ ಬೆಳಗಿನ ಮದ್ದನ್ನು ಕೊಡದೆ ತಂದು, ರಕ್ತ ಕೊಟ್ಟ ಮೇಲೆಯೇ ಕುಡಿಸಬೇಕು; ಹನ್ನೆರಡು ಗಂಟೆ ಕಳೆದು ರಕ್ತದಲ್ಲಿ ಉಳಿದಿರುವ ಪ್ರಮಾಣವೇ ಲೆಕ್ಕ. ‘ಲೆವೆಲ್ ಎಷ್ಟು ಬಂತು?’ ಎಂಬುದು ಹೊರರೋಗಿ ವಿಭಾಗದ ಬೆಂಚಿನ ಮೇಲೆ ತಾಯಂದಿರು ಒಬ್ಬರನ್ನೊಬ್ಬರು ಕೇಳುವ ಕುಶಲಪ್ರಶ್ನೆ. ಮೊದಲ ತಿಂಗಳುಗಳಲ್ಲಿ ಎಂಟರಿಂದ ಹನ್ನೆರಡು ನ್ಯಾನೋಗ್ರಾಂ, ವರ್ಷ ಕಳೆದ ಮೇಲೆ ಐದರ ಆಸುಪಾಸು. ಈ ಅಂಕಿಯನ್ನು ಕೆಡಿಸುವ ಸಂಗತಿಗಳೋ ನೂರಾರು. ಭೇದಿಯಾದರೆ ಲೆವೆಲ್ ಇಳಿಯಬೇಕೆಂದು ತರ್ಕ ಹೇಳುತ್ತದೆ. ಮಕ್ಕಳಲ್ಲಿ ಅದು ಏರುತ್ತದೆ, ಔಷಧವನ್ನು ಒಡೆಯುವ ಕರುಳಿನ ಪದರವೇ ಆಗ ಸವೆದಿರುವುದರಿಂದ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದನ್ನು ಪಾತಾಳಕ್ಕಿಳಿಸುತ್ತದೆ. ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕೆಲವು ಪ್ರತಿಜೈವಿಕಗಳೂ ಫ್ಲುಕೊನಜೋಲ್ ಮದ್ದೂ ಏರಿಸುತ್ತವೆ. ದೇವನಹಳ್ಳಿಯ ಕಡೆಯಿಂದ ಬಂದವರಿಗೆ ಹೇಳಲೇಬೇಕಾದ ಇನ್ನೊಂದು ಮಾತುಂಟು: ಆ ಸೀಮೆಯ ಕೀರ್ತಿಯಾದ ಚಕ್ಕೋತವೂ ಲೆವೆಲ್ ಏರಿಸಬಲ್ಲುದಾದುದರಿಂದ ಈ ಮಕ್ಕಳಿಗೆ ವರ್ಜ್ಯ.

ಔಷಧವನ್ನು ಧಾರಾಳವಾಗಿ ಕೊಟ್ಟರೆ ನಿರಾಕರಣ ಬಾರದಷ್ಟೆ, ಕೊಡಬಾರದೇಕೆ ಎಂದು ಕೇಳುವಿರಿ. ಅರುವತ್ತರ ವೃದ್ಧನಿಗೆ ಹತ್ತಿಪ್ಪತ್ತು ವರ್ಷಗಳ ಲೆಕ್ಕ. ಒಂದು ವರ್ಷದ ಕೂಸಿಗೆ ಎಪ್ಪತ್ತು ವರ್ಷಗಳ ಲೆಕ್ಕ. ಅಷ್ಟು ದೀರ್ಘಕಾಲದಲ್ಲಿ ಟ್ಯಾಕ್ರೊಲಿಮಸ್ ಮೂತ್ರಪಿಂಡಗಳನ್ನು ಸವೆಸುತ್ತದೆ. ಸ್ಟೀರಾಯ್ಡ್ ಎತ್ತರವನ್ನು ಕುಗ್ಗಿಸುತ್ತದೆ. ಅದಕ್ಕಿಂತ ಬೇಗ ಎದುರಾಗುವ ಕಂಟಕವು ಎಪ್‌ಸ್ಟೈನ್-ಬಾರ್ ವೈರಸ್. ವಯಸ್ಕರಲ್ಲಿ ಬಹುತೇಕರಿಗೆ ಬಾಲ್ಯದಲ್ಲಿಯೇ ಇದು ತಗುಲಿ ಮುಗಿದಿರುತ್ತದೆ. ಶಿಶುವಿಗೆ ಅದರ ಪರಿಚಯವೇ ಇಲ್ಲ. ದಾನಿಯ ಯಕೃತ್ತಿನೊಡನೆಯೇ ಒಳಹೊಕ್ಕ ವೈರಸ್ಸು, ಔಷಧದಿಂದ ಟಿ ಕೋಶಗಳು ಮೌನವಾಗಿರುವ ಹೊತ್ತಿನಲ್ಲಿ, ಬಿ ಲಿಂಫೋಸೈಟುಗಳನ್ನು ಮಿತಿಮೀರಿ ಬೆಳೆಯಿಸಿ ಗಂಟುಗಳನ್ನೂ ಕೊನೆಗೆ ಲಿಂಫೋಮವನ್ನೂ ತರಬಲ್ಲುದು. ಔಷಧವನ್ನು ತಗ್ಗಿಸಿದರೆ ಈ ಗಂಟುಗಳು ಕರಗಬಹುದೆಂದು 1984ರಲ್ಲಿ ಸ್ಟಾರ್ಜ್ಲರ ತಂಡದವರು ತೋರಿಸಿದರು. ತಗ್ಗಿಸಿದರೆ ನಿರಾಕರಣ, ಏರಿಸಿದರೆ ಗಂಟು: ಈ ಇಕ್ಕಟ್ಟಿನಲ್ಲಿ ಪಳಗಿದ ವೈದ್ಯರು ಮೊದಲು ತಗ್ಗಿಸುವುದನ್ನೇ ಆರಿಸುತ್ತಾರೆ. ನಿರಾಕರಣಕ್ಕೆ ಮದ್ದುಂಟು, ಹದ್ದು ಮೀರಿದ ಲಿಂಫೋಮಕ್ಕೆ ಅಷ್ಟು ಸುಲಭವಾದ ಮದ್ದಿಲ್ಲ.

ಹದಿಹರೆಯದ ಸಮಸ್ಯೆಯೇ ಬೇರೆ. ಅಲ್ಲಿ ಔಷಧ ಹೆಚ್ಚಾಗುವುದಿಲ್ಲ, ತಪ್ಪಿಹೋಗುತ್ತದೆ. ಹಾಲುಗಲ್ಲದ ಕಾಲದಲ್ಲಿ ನಡೆದ ಶಸ್ತ್ರಕ್ರಿಯೆಯ ನೆನಪು ಹುಡುಗನಿಗಿಲ್ಲ; ಹೊಟ್ಟೆಯ ಮೇಲೊಂದು ಗೆರೆಯಿದೆ, ತಾನು ಗಟ್ಟಿಮುಟ್ಟಾಗಿದ್ದಾನೆ, ಗುಳಿಗೆ ಮಾತ್ರ ಗೆಳೆಯರೆದುರಿಗೆ ಅವಮಾನ. ಒಂದು ಹೊತ್ತು ಬಿಟ್ಟರೆ ಏನೂ ಆಗಲಿಲ್ಲ, ಒಂದು ವಾರ ಬಿಟ್ಟರೂ ಏನೂ ಆಗಲಿಲ್ಲ. ಮೂರು ತಿಂಗಳ ಮೇಲೆ ಕಣ್ಣು ಹಳದಿಯಾಗುತ್ತದೆ. ಅಮೆರಿಕದಲ್ಲಿ ಐಯಲ್ ಶೆಮೆಶ್ ಮೊದಲಾದವರು ಇದನ್ನು ಅಳೆಯಲು ಸೊಗಸಾದ ಉಪಾಯವೊಂದನ್ನು ಕಂಡುಕೊಂಡರು. ಒಂದು ಅವಧಿಯ ಲೆವೆಲ್‌ಗಳನ್ನೆಲ್ಲ ಮುಂದಿಟ್ಟುಕೊಂಡು, ಅವು ಸರಾಸರಿಯಿಂದ ಎಷ್ಟು ಚೆದರಿವೆಯೆಂದು ಗಣಿಸಿದರೆ, ಆ ಮಾನಕ ವಿಚಲನೆಯು ಎರಡನ್ನು ಮೀರಿದವರಲ್ಲಿ ನಿರಾಕರಣದ ಸಂಭವ ಹೆಚ್ಚೆಂದು ಕಂಡುಬಂದಿತು. ಹುಡುಗನು ಬಾಯಿಬಿಟ್ಟು ಹೇಳದ್ದನ್ನು ಅಂಕಿಗಳು ಹೇಳುತ್ತವೆ. ಆದರೆ ಆ ಅಂಕಿಗಳನ್ನು ಹಿಡಿದು ಅವನನ್ನು ಬೈಯುವ ವೈದ್ಯರನ್ನು ನಾನು ಮೆಚ್ಚಲಾರೆ. ಬೈಗಳ ಭಯದಿಂದ ಅವನು ಪರೀಕ್ಷೆಯ ಹಿಂದಿನ ಮೂರು ದಿನ ಮಾತ್ರ ತಪ್ಪದೆ ನುಂಗಿ ಬರುವುದನ್ನು ಕಲಿಯುತ್ತಾನೆ, ಅಷ್ಟೆ.

ಕೊನೆಗೆ, ಔಷಧವನ್ನು ಪೂರ್ತಿ ಬಿಡಿಸಬಹುದೇ ಎಂಬ ಪ್ರಶ್ನೆ. ಹಾಗೆ ಬಿಟ್ಟೂ ಚೆನ್ನಾಗಿ ಬಾಳುತ್ತಿದ್ದ ಹಳೆಯ ರೋಗಿಗಳ ಶರೀರದಲ್ಲಿ ದಾನಿಯ ಕೋಶಗಳು ಚರ್ಮದವರೆಗೂ ಹರಡಿ ನೆಲಸಿರುವುದನ್ನು ಸ್ಟಾರ್ಜ್ಲ್ 1992ರಲ್ಲಿ ವರದಿಮಾಡಿದರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸ್ಯಾಂಡಿ ಫೆಂಗ್ ಮತ್ತು ಸಂಗಡಿಗರು, ತಂದೆ ಅಥವಾ ತಾಯಿಯಿಂದ ಯಕೃತ್ತು ಪಡೆದು ವರ್ಷಗಳ ಕಾಲ ನೆಮ್ಮದಿಯಾಗಿದ್ದ 20 ಮಕ್ಕಳನ್ನು ಆರಿಸಿ, ಔಷಧವನ್ನು ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸಿದಾಗ 12 ಮಂದಿ ವರ್ಷಕ್ಕೂ ಹೆಚ್ಚು ಕಾಲ ನಿರ್ಬಾಧಿತರಾಗಿದ್ದರೆಂದು 2012ರಲ್ಲಿ ಪ್ರಕಟವಾಯಿತು. ಮುಂದೆ 88 ಮಕ್ಕಳ ದೊಡ್ಡ ಪ್ರಯೋಗದಲ್ಲಿ ಈ ಭಾಗ್ಯ ದೊರೆತುದು 33 ಮಂದಿಗೆ. ಯಾರು ಆ ಮೂವತ್ತಮೂವರೆಂದು ಮುಂಚಿತವಾಗಿ ಹೇಳಬಲ್ಲ ಪರೀಕ್ಷೆ ಇನ್ನೂ ಕೈಗೆ ಬಂದಿಲ್ಲ. ಅದೂ ಅಲ್ಲದೆ, ಕ್ಯೋಟೊ ನಗರದವರು ಔಷಧ ಬಿಟ್ಟ ಮಕ್ಕಳ ಬಯಾಪ್ಸಿಗಳನ್ನು ಕಾಲಾಂತರದಲ್ಲಿ ನೋಡಿದಾಗ, ರಕ್ತಪರೀಕ್ಷೆ ನಿರ್ದೋಷವಾಗಿದ್ದವರಲ್ಲಿಯೂ ಯಕೃತ್ತಿನಲ್ಲಿ ನಾರುಗಟ್ಟುತ್ತಿದ್ದುದು ಕಾಣಿಸಿತು. ಆದ್ದರಿಂದ ಹೆಚ್ಚಿನ ಕೇಂದ್ರಗಳು ಪೂರ್ಣವಿರಾಮಕ್ಕಿಂತ ಅಲ್ಪಮಾತ್ರೆಯನ್ನೇ ಮೇಲೆಂದು ತಿಳಿದಿವೆ. ನಾನೂ ಆ ಪಕ್ಷದವನೇ.

ನಮ್ಮ ದೇಶದಲ್ಲಿ ಮಗುವಿಗೆ ಮೊದಲ ಸಲ ಯಶಸ್ವಿಯಾಗಿ ಯಕೃತ್ತಿನ ಕಸಿಯಾದುದು 1998ರ ನವೆಂಬರಿನಲ್ಲಿ, ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ. ತಂದೆಯ ಯಕೃತ್ತನ್ನು ಪಡೆದ ಕಾಂಚೀಪುರದ ಆ ಕೂಸು ಬೆಳೆದು ತಾನೇ ವೈದ್ಯನಾದುದನ್ನು ಪತ್ರಿಕೆಗಳಲ್ಲಿ ಓದಿರುವಿರಿ. ಅಂದಿನಿಂದೀಚೆಗೆ ಕಸಿಯಾದ ಮಕ್ಕಳು ಒಬ್ಬೊಬ್ಬರಾಗಿ ಪ್ರಾಯಕ್ಕೆ ಬರುತ್ತಿರುವ ಕಾಲವಿದು. ಅವರಲ್ಲಿ ಯಾರಿಗಾದರೂ ಮಾತ್ರೆಯನ್ನು ಇಳಿಸಹೊರಟರೆ ತಿಂಗಳಿಗೆ ಒಂದೆರಡು ಬಾರಿಯಾದರೂ ಎನ್ಜೈಮುಗಳನ್ನೂ ಲೆವೆಲ್‌ನ್ನೂ ನೋಡಬೇಕು, ಏರಿದರೆ ಅದೇ ವಾರ ಬಯಾಪ್ಸಿ ಆಗಬೇಕು, ಓದಬಲ್ಲವರು ಅದನ್ನು ಓದಬೇಕು. ಆದಕಾರಣ ಬೀದರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಬಂದ ತಂದೆತಾಯಿಗಳು ಮಗುವಿನ ಗುಳಿಗೆಯನ್ನು ಇನ್ನಷ್ಟು ತಗ್ಗಿಸಬಹುದೇ ಎಂದು ಕೇಳಿದಾಗ, ಬ್ಯಾನ್ಫ್ ಅಂಕಗಳನ್ನು ತೆರೆಯುವ ಮೊದಲು ನಾವು ಅವರನ್ನು ಕೇಳಬೇಕಾದುದು ಲೆವೆಲ್ ಪರೀಕ್ಷೆ ಮಾಡುವ ಪ್ರಯೋಗಾಲಯವು ಅವರ ಮನೆಯಿಂದ ಎಷ್ಟು ದೂರ, ಬಸ್ಸಿಗೆ ಎಷ್ಟು ಖರ್ಚು, ಆ ದಿನದ ಕೂಲಿ ತಪ್ಪಿದರೆ ನಡೆಯುವುದೇ ಎಂಬುದನ್ನು.